ಎಲ್ಲಿಂದ ಅಳೆದೆ?

ನಮ್ಮ ಭೂಗೋಳದ ಮೇಷ್ಟ್ರ ಅಂಗಿಯ ಜೇಬು ಯಾವತ್ತೂ ಜೋತುಬಿದ್ದಿರುತ್ತಿತ್ತು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ಹಿತ್ತಾಳೆ ಗುಂಡು ಅದರೊಳಗಿರುತ್ತಿತ್ತು. ಪಾಠ ಮಾಡುತ್ತಾ ಬಗ್ಗಿದರೆ ಮೇಜಿಗೆ ಟಣ್ ಎಂದು ಬಡಿಯುತ್ತಿತ್ತು. ಹಿಂದಿನ ಬೆಂಚಿನವರಿಗೆ ಎಚ್ಚರವಾಗುತ್ತಿದ್ದದ್ದೇ ಆ ಸದ್ದಿಗೆ. ಪಾಪ, ಅವರ ಹೆಂಡತಿ ಪ್ರತಿ ಜೇಬಿಗೂ ಒಳಗಿನಿಂದ ಇನ್ನೊಂದು ಬಟ್ಟೆ ಕೊಟ್ಟು ಹೊಲಿಯುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ನಂಜನಗೂಡಿನ ಕಾಲೇಜಿನಲ್ಲಿ ಭೂಗೋಳ ತೆಗೆದುಕೊಳ್ಳುತ್ತಿದ್ದವರು ಬೇರೇನೂ ಸಿಗದವರು. ನಾನೂ ಆ ಗುಂಪಿನವಳೇ. ಕವಲಂದೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದೆ. "ಭೂಗೋಳ ಓದ್ಬುಟ್ಟು ಏನ್ ಮಾಡೀಯೆ? ಸಂತೇಲಿ ಅಟ್ಲಾಸ್ ಮಾರೀಯಾ?" ಎಂದು ಅಪ್ಪ ನಗುತ್ತಿದ್ದರು. ನನಗೂ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಸಿಟ್ಟು ಬರುತ್ತಿತ್ತು.

ಮೇಷ್ಟ್ರು ನಮ್ಮನ್ನು ಕ್ಲಾಸಿನಲ್ಲಿ ಕೂರಿಸಿದ್ದು ಕಡಿಮೆ. ಬಿಳಿಗೆರೆ, ಹೆಮ್ಮರಗಾಲದ ಕಡೆಯ ಬಾವಿಗಳಿಗೆ ಕರೆದೊಯ್ದು ನೀರಿನ ಆಳ ಅಳೆಸುತ್ತಿದ್ದರು. ದಾರಕ್ಕೆ ಗುಂಡು ಕಟ್ಟಿ ಬಾವಿಗೆ ಬಿಡುವುದು, ನೀರು ಮುಟ್ಟಿದ ಕೂಡಲೇ ಗಂಟು ಹಾಕುವುದು, ಮೇಲೆತ್ತಿ ಟೇಪಿನಲ್ಲಿ ಅಳೆಯುವುದು. ಬರೆದುಕೊಂಡು ಹೋಗಿ ತೋರಿಸಿದರೆ ಅಂಕಿಯ ಮೇಲೆ ಅವರ ಕಣ್ಣೇ ಹೋಗುತ್ತಿರಲಿಲ್ಲ. "ಎಲ್ಲಿಂದ ಅಳೆದೆ? ಯಾರನ್ನ ಕೇಳ್ದೆ?" ಈ ಎರಡೇ ಪ್ರಶ್ನೆ. ಒಮ್ಮೆ ಹೆಮ್ಮರಗಾಲದಲ್ಲಿ ಯಾರನ್ನೂ ಕೇಳದೆ ಬರೆದುಕೊಂಡು ಬಂದೆನೆಂದು ಉರಿಬಿಸಿಲಿನಲ್ಲಿ ವಾಪಸ್ಸು ಅಟ್ಟಿದರು. "ಬಾವಿ ಯಾರದೋ ಅವ್ರಿಗೆ ನಿನಗಿಂತ ಜಾಸ್ತಿ ಗೊತ್ತಿರುತ್ತೆ ಕಣಮ್ಮ, ಹೋಗು." ದಾರಿಯುದ್ದಕ್ಕೂ ಅವರಿಗೆ ಮನಸಾರೆ ಶಾಪ ಹಾಕಿಕೊಂಡು ಹೋದೆ.

ಆ ಡಿಗ್ರಿಯೇ ನನಗೆ ಅನ್ನ ಕೊಟ್ಟಿತು. ಎರಡು ಸಾವಿರದ ಇಸವಿಯ ಈಚೆಗೆ ಮೈಸೂರಿನಲ್ಲಿ ನೀರು, ಮಣ್ಣಿನ ಸರ್ವೆ ಮಾಡುವ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೊದಲ ದೊಡ್ಡ ಕೆಲಸ ನಂಜನಗೂಡಿನ ಆಚೆಯ ಒಂದು ಹೊಳೆದಂಡೆಯ ಊರಿನದು. ಹೆಸರು ಬೇಡ. ಅಲ್ಲಿನ ಬಾವಿಗಳ ನೀರು ವಾಸನೆ ಹೊಡೆಯುತ್ತಿತ್ತು, ಕುಡಿದ ಮಕ್ಕಳ ಮೈತುಂಬ ಕಜ್ಜಿ. ಊರಿನ ಮೂಡಲಿಗೆ ಒಂದು ಕಾರ್ಖಾನೆ, ಅದರ ಕೊಳಚೆಯ ಕೊಳ. ವಿಷ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಿ ವರದಿ ಕೊಡಬೇಕಾಗಿತ್ತು. ಹನ್ನೊಂದು ಬಾವಿ ಅಳೆದೆ. ನೆಲದ ಎತ್ತರದಲ್ಲಿ ನೀರಿನ ಆಳ ಕಳೆದು, ನೆಲದಡಿಯ ನೀರು ಹರಿಯುವ ದಿಕ್ಕಿಗೆ ಕೆಂಪು ಬಾಣ ಎಳೆದೆ. ಬಾಣ ಕೊಳದಿಂದ ನೆಟ್ಟಗೆ ಊರಿಗೆ ಬಂತು. ಊರವರು ನನ್ನನ್ನು ಎತ್ತಿಕೊಂಡು ಕುಣಿಯುವುದೊಂದು ಬಾಕಿ. ಸೋಮವಾರ ಅಧಿಕಾರಿಗಳ ಸಭೆ.

ಶನಿವಾರ ನಕ್ಷೆ ಸುತ್ತಿಕೊಂಡು ಟಿ. ನರಸೀಪುರದ ಬಸ್ಸು ಹತ್ತಿದೆ. ಮೇಷ್ಟ್ರು ನಿವೃತ್ತರಾಗಿ ಅಲ್ಲಿದ್ದರು. ನನಗೆ ಯಾವ ಅನುಮಾನವೂ ಇರಲಿಲ್ಲ, ಜಂಬ ತೋರಿಸಲಿಕ್ಕೇ ಹೋದದ್ದು.

ಅವರು ನಕ್ಷೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಹಿತ್ತಾಳೆ ಲೋಟ ಇಟ್ಟು, ಮಂಡಿಯೂರಿ ನೋಡಿದರು. ಅವರ ಹೆಂಡತಿ ತಂದಿಟ್ಟ ಕಾಫಿ ಆರಿಹೋಯಿತು. ಆಮೇಲೆ ತಲೆಯೆತ್ತಿ, "ಎಲ್ಲಿಂದ ಅಳೆದೆ?" ಎಂದರು.

"ಬಾವಿ ಕಟ್ಟೆ ಮೇಲಿಂದ ಸಾರ್."

"ನೆಲದ ಎತ್ತರ ಅಳೆಯೋ ಕೋಲು ಎಲ್ಲಿ ನಿಲ್ಸಿದ್ದೆ?"

"ಕಟ್ಟೆ ಪಕ್ಕ, ನೆಲದ ಮೇಲೆ."

"ನೀರಿನ ಆಳದಲ್ಲಿ ಕಟ್ಟೆ ಎತ್ತರ ಕಳೆದ್ಯಾ?"

ಎಲ್ಲ ಕಟ್ಟೆಯೂ ಒಂದೇ ಎತ್ತರ ಇರುತ್ತದಲ್ಲ, ಕಳೆದರೆಷ್ಟು ಬಿಟ್ಟರೆಷ್ಟು ಎಂದು ತೊದಲಿದೆ.

"ಆ ಊರಲ್ಲಿ ಇರಲ್ಲಮ್ಮ, ಹಿಂದೆ ಹುಡುಗರನ್ನ ಕರ್ಕೊಂಡು ಹೋಗಿದ್ದೆ. ಪಡುವಲ ಬೀದಿಗೆ ಹಳ್ಳದ ಕಡೆಯಿಂದ ಹೊಳೆ ನುಗ್ಗುತ್ತೆ. ಪ್ರತಿ ಸಲ ಹೊಳೆ ಬಂದು ಹೋದ್ಮೇಲೆ, ಬಾವಿಗೆ ಕೆಂಪುನೀರು ಇಳೀಬಾರದು ಅಂತ ಕಟ್ಟೆ ಮೇಲೆ ಇನ್ನೊಂದು ವರಸೆ ಕಲ್ಲು ಏರಿಸ್ತಾರೆ. ಅಲ್ಲಿ ಎದೆಮಟ್ಟ ಇರುತ್ತೆ, ಮೂಡಲ ಬೀದೀಲಿ ಮೊಣಕಾಲುದ್ದ. ಯಾರನ್ನ ಕೇಳ್ದೆ?"

ನಾನು ಯಾರನ್ನೂ ಕೇಳಿರಲಿಲ್ಲ. ಪಡುವಲ ಬಾವಿಗಳ ಹತ್ತಿರ ಮೆಟ್ಟಿಲು ಹತ್ತಿ ನಿಂತು ಅಳೆದಿದ್ದೆ, ಏಕೆ ಮೆಟ್ಟಿಲು ಎಂದು ಕೂಡ ಯೋಚಿಸಿರಲಿಲ್ಲ. ಎತ್ತರದ ಕಟ್ಟೆಯಿಂದ ಅಳೆದದ್ದಕ್ಕೆ ಪಡುವಲ ನೀರು ಇರುವುದಕ್ಕಿಂತ ಆಳದಲ್ಲಿ ಕಂಡಿತ್ತು. ಬಾಣ ಆ ಕಡೆಗೆ ವಾಲಿತ್ತು.

ನನಗೆ ತಪ್ಪು ಮಾಡಿದ ನಾಚಿಕೆಗಿಂತ ಮೊದಲು ಬಂದದ್ದು ಕೋಪ. "ನಾಡಿದ್ದು ಸಭೆ ಸಾರ್! ಜನ ಗೆಲ್ಲೋ ಹೊತ್ತಿಗೆ ಕಲ್ಲು ಹಾಕ್ಲಾ? ಆ ಕಾರ್ಖಾನೆಯವರೇನು ಸಾಚಾನಾ?"

"ಸಾಚಾ ಅಂತ ನಾನೆಲ್ಲಿ ಹೇಳ್ದೆ? ಕೊಳ ಮುಚ್ಚಿಸ್ತೀಯ. ಎಲ್ರೂ ಇನ್ನು ಭಯ ಇಲ್ಲ ಅಂದ್ಕೊಂಡು ಬಾವಿಗೆ ಬಿಂದಿಗೆ ಇಳಿಸ್ತಾರೆ. ವಿಷ ಬೇರೆ ಕಡೆಯಿಂದ ಬರ್ತಿದ್ರೆ ಆ ಮಕ್ಕಳು ಏನು ಕುಡೀತಾರೆ?"

ಭಾನುವಾರ ಮೊದಲ ಬಸ್ಸಿಗೇ ಇಬ್ಬರೂ ಹೊರಟೆವು. ಮೇಷ್ಟ್ರಿಗೆ ಆಗಲೇ ಉಬ್ಬಸ. ಹತ್ತು ಹೆಜ್ಜೆಗೊಮ್ಮೆ ನಿಂತು, ಏನೋ ನೋಡುವವರಂತೆ ಆಚೀಚೆ ಕತ್ತು ತಿರುಗಿಸಿ ಉಸಿರು ಎಳೆದುಕೊಳ್ಳುತ್ತಿದ್ದರು. ಪಡುವಲ ಬೀದಿಯ ಮೊದಲ ಬಾವಿಯ ಮನೆಯಾಕೆ ಹೊರಗೆ ಬಂದಳು. ಅವಳ ಚಿಕ್ಕ ಮಗಳು ಮೊಣಕೈ ಕೆರೆದುಕೊಳ್ಳುತ್ತಾ ಹಿಂದೆಯೇ ಬಂದಳು.

"ಏನ್ ಸಾ, ಇನ್ನೊಂದ್ಸಲ ಅಳೀತೀರಾ?" ಎಂದವಳು ಅಭ್ಯಾಸದಂತೆ ಒಳಗಿನಿಂದ ಲೋಟದಲ್ಲಿ ನೀರು ತಂದಳು. ಹೊಸಿಲಲ್ಲೇ ನಿಂತುಬಿಟ್ಟಳು. "ಅಯ್ಯೋ, ಮರ್ತೇಬುಟ್ಟೆ. ಮನೆಗ್ ಬಂದೋರ್ಗೆ ಒಂದ್ ಲೋಟ ನೀರ್ ಕೊಡಕಾಗ್ದಂಗ್ ಆಯ್ತಲ್ಲ ಸಾ ನಮ್ ಬಾಳು" ಎಂದು ನೀರನ್ನು ಚರಂಡಿಗೆ ಚೆಲ್ಲಿದಳು.

"ಇನ್ನೊಂದ್ಸಲ ಬಂದಾಗ ಕುಡೀತೀನಿ ಕಣವ್ವ, ಇಟ್ಟಿರು" ಎಂದರು ಮೇಷ್ಟ್ರು.

ಹನ್ನೊಂದು ಕಟ್ಟೆಗಳನ್ನೂ ಅಳೆದೆವು. ಸಂಜೆ ಅವಳ ಜಗುಲಿಯ ಮೇಲೆ ಕೂತು ಹೊಸದಾಗಿ ಲೆಕ್ಕ ಹಾಕಿದೆ. ಬಾಣದ ಬುಡ ಕಾರ್ಖಾನೆಯನ್ನು ಬಿಟ್ಟು ಊರಿನ ಬಡಗಲಿಗೆ ಸರಿಯಿತು. ಅಲ್ಲಿದ್ದದ್ದು ಇಟ್ಟಿಗೆಗೆಂದು ಮಣ್ಣು ತೆಗೆದು ಬಿಟ್ಟಿದ್ದ ಒಂದು ಹಳೇ ಗುಂಡಿ ಮಾತ್ರ. ಹೊತ್ತು ಮುಳುಗುವ ಮೊದಲು ನಡೆದು ಹೋಗಿ ನೋಡಿದೆವು. ಸುಣ್ಣ ಚೆಲ್ಲಿ, ಮೇಲೆ ಮಣ್ಣು ಎಳೆದಿದ್ದರು. ಮಳೆಗೆ ಮಣ್ಣು ಕೊಚ್ಚಿಹೋದ ಕಡೆ ತುಕ್ಕು ಹಿಡಿದ ಪೀಪಾಯಿಗಳು ಕಾಣುತ್ತಿದ್ದವು. ಗಂಟಲು ಕೆರೆಯುವ ನಾತ. ಪೀಪಾಯಿಗಳ ಮೇಲಿನ ಹೆಸರನ್ನು ಯಾರೋ ಉಜ್ಜಿ ಅಳಿಸಿದ್ದರು.

ಸೋಮವಾರ ಸ್ಕೂಲಿನ ಅಂಗಳದಲ್ಲಿ ಸಭೆ. ಇಡೀ ಊರು ನೆರೆದಿತ್ತು. ನಾನು ಎದ್ದು ನಿಂತು, "ನನ್ನ ನಕ್ಷೆ ತಪ್ಪು" ಎಂದೆ. ಗದ್ದಲ ಎದ್ದಿತು.

"ಕಂಪ್ನೇರು ಎಷ್ಟ್ ಕೊಟ್ರವ್ವ?" ಎಂದು ಒಬ್ಬ ಕೂಗಿದ. ಇನ್ನೊಬ್ಬ ಕುರ್ಚಿ ಒದ್ದ. ಕಾರ್ಖಾನೆಯ ಕಡೆಯವರು ಒಬ್ಬರನ್ನೊಬ್ಬರು ನೋಡಿ ನಕ್ಕರು, ಅದು ಇನ್ನೂ ಉರಿಯಿತು. ನಾನು ಹಿಂದಿನ ಸಾಲಿನಲ್ಲಿದ್ದ ಮೇಷ್ಟ್ರ ಕಡೆ ನೋಡಿದೆ. ಒಂದು ಮಾತು ಆಡಲಿಲ್ಲ ಪುಣ್ಯಾತ್ಮರು. ನನಗೆ ಅಳು ನುಗ್ಗಿ ಬಂತು. ಹಲ್ಲು ಕಚ್ಚಿಕೊಂಡು ಕಟ್ಟೆಯ ಎತ್ತರ, ಬಾಣ, ಗುಂಡಿ, ಪೀಪಾಯಿ, ಎಲ್ಲವನ್ನೂ ಹೇಳಿದೆ. ಕೊನೆಗೆ, ಮೊದಲೇ ಕೇಳಬೇಕಾಗಿದ್ದದ್ದನ್ನು ಕೇಳಿದೆ. "ಆ ಗುಂಡಿ ಕಡೆ ಯಾರಾದ್ರೂ ಏನಾದ್ರೂ ಕಂಡಿದ್ದೀರಾ?"

ಪಡುವಲ ಬೀದಿಯ ಆ ಹೆಂಗಸು ಮಗಳನ್ನು ಎತ್ತಿಕೊಂಡೇ ಎದ್ದಳು. "ಲಾರಿ ಬತ್ತದೆ ಸಾ. ಕೋಳಿ ಕೂಗೋ ಒತ್ಗೆ. ಪೀಪಾಯಿ ಉಳ್ಳುಸ್ತಾರೆ. ನಾ ಸೌದೆಗ್ ಓದಾಗ ಎಲ್ಡ್ ಸಲ ಕಂಡಿವ್ನಿ."

"ಯಾಕಮ್ಮ ಇಷ್ಟು ದಿನ ಹೇಳಲಿಲ್ಲ?" ಎಂದರು ಅಧಿಕಾರಿ.

"ಯಾರ್ ಕೇಳುದ್ರು?" ಎಂದಳು.

ಅಂದೇ ಗುಂಡಿಗೆ ಕಾವಲು ಬಿತ್ತು, ಊರಿಗೆ ಟ್ಯಾಂಕರ್ ಬಂತು. ವಾಪಸ್ಸು ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. "ನೀವು ಎದ್ದು ಒಂದು ಮಾತು ಹೇಳಬಹುದಿತ್ತು" ಎಂದೆ.

"ನಕ್ಷೆ ಕೆಳಗೆ ಇದ್ದದ್ದು ನಿನ್ನ ಹೆಸರು ಕಣಮ್ಮ" ಎಂದು ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿನ ಮೇಲೆ, ರಸ್ತೆಯನ್ನೇ ನೋಡುತ್ತಾ, "ಚೆನ್ನಾಗಿ ಹೇಳ್ದೆ" ಎಂದರು. ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ.

ಗುಂಡಿ ಬರಿದು ಮಾಡಿ, ಬಾವಿಗಳು ತಿಳಿಯಾಗಲು ಮೂರು ಮಳೆಗಾಲ ಬೇಕಾಯಿತು. ನೀರು ಕುಡಿಯಲು ಯೋಗ್ಯ ಎಂಬ ಕಾಗದ ಬಂದಾಗ ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಓದಿ ಹೇಳಿದೆ. "ಹೋಗಿ ಬರೋಣ" ಎಂದರು. ಹೋಗಲಾಗಲಿಲ್ಲ. ಹದಿನೈದು ದಿನಕ್ಕೆ ತೀರಿಕೊಂಡರು.

ಮಣ್ಣು ಮುಗಿಸಿ ನರಸೀಪುರದಿಂದ ಹೊರಟವಳು ಮನೆಗೆ ಹೋಗಲಿಲ್ಲ. ಆ ಊರಲ್ಲಿ ಇಳಿದೆ. ಹೆಂಗಸು ಬಾವಿಯಿಂದ ನೀರು ಸೇದಿ ಲೋಟ ತುಂಬಿಸಿ ಕೊಟ್ಟಳು. ಮಗಳು ನುಣ್ಣನೆ ಕೈಗಳಲ್ಲಿ ಹಗ್ಗ ಸುತ್ತುತ್ತಿದ್ದಳು. ಗಟಗಟ ಕುಡಿದೆ. ತಣ್ಣಗಿತ್ತು.

"ಮೇಷ್ಟ್ರು ಬರ್ನಿಲ್ವ? ಕುಡೀತೀನಿ ಅಂದಿದ್ರಲ್ಲ" ಎಂದಳು.

ಖಾಲಿ ಲೋಟ ಮುಂದೆ ಹಿಡಿದೆ.

"ಇನ್ನೊಂದು ಲೋಟ ಕೊಡಕ್ಕ," ಎಂದೆ. "ಅವರದ್ದು."