ಮೂವತ್ತೊಂದು ಅರ್ಧ ಲೇಖನಗಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಹದಿನಾರು ವರ್ಷದಿಂದ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಿದ್ದವಳನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು ನಿಜ, ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಮಾತು ಖಾರ, ಕೈ ಚುರುಕು. ಇತ್ತೀಚೆಗೆ ಮಾತ್ರ ಬಲಗೈ ಮಣಿಕಟ್ಟು ಮುನಿಸಿಕೊಂಡಿತ್ತು. ಇನ್ನೊಂದು ವರ್ಷ ಹೀಗೇ ಇಸ್ತ್ರಿ ಒತ್ತಿದರೆ ಆ ಕೈ ತುತ್ತು ಎತ್ತುವುದಕ್ಕೂ ಬರುವುದಿಲ್ಲ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು.

ಇಸ್ತ್ರಿ ಕೋಣೆಯ ಪಕ್ಕದಲ್ಲೇ ಬಾಯ್ಲರ್ ಕೋಣೆ. ಒಗೆಯುವ ಯಂತ್ರಕ್ಕೂ ಅಡುಗೆಮನೆಗೂ ಆವಿ ಹೋಗುವುದು ಅಲ್ಲಿಂದಲೇ. ಅದನ್ನು ನೋಡಿಕೊಳ್ಳುತ್ತಿದ್ದ ಬಾಯ್ಲರ್ ಮಾಮ ನಿವೃತ್ತನಾಗಲು ಮೂರು ತಿಂಗಳಿತ್ತು. ಪರೀಕ್ಷೆ ಪಾಸಾದರೆ ಒಳಗಿನವರಿಗೇ ಆ ಕೆಲಸ, ಇಲ್ಲದಿದ್ದರೆ ಹೊರಗಿನವರು ಬರುತ್ತಾರೆ ಎಂದು ನೋಟೀಸು ಹಚ್ಚಿದ ದಿನವೇ ಇಸ್ತ್ರಿಯಕ್ಕ ಅರ್ಜಿ ಕೊಟ್ಟಳು. ಆ ಸೆಕೆಗೆ ಹೆದರಿ ಬೇರೆ ಯಾರೂ ಆ ಕಡೆ ತಲೆಯೇ ಹಾಕಲಿಲ್ಲ. ಸೂಪರ್‌ವೈಸರ್ ಅರ್ಜಿ ನೋಡಿ ನಕ್ಕ.

"ಹೆಂಗಸರು ಬಾಯ್ಲರ್ ಹತ್ರ ಏನಮ್ಮ ಮಾಡ್ತೀರಾ?"

"ಮನೇಲಿ ದಿನಾ ಒಲೆ ಮುಂದೆ ನಿಲ್ಲೋರು ಯಾರು ಸಾರ್? ನೀವಾ?"

ಅವನು ನಗು ನುಂಗಿಕೊಂಡು ಅರ್ಜಿಗೆ ಸೀಲು ಒತ್ತಿದ.

ಬಾಯೇನೋ ಜೋರು, ಓದು? ಹತ್ತನೇ ತರಗತಿಗೇ ಪುಸ್ತಕ ಮುಚ್ಚಿಟ್ಟವಳು. ಆಗ ನೆರವಿಗೆ ಬಂದವಳು ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ. ಬಾಯ್ಲರ್ ಬಗ್ಗೆ ಸುಲಭ ಮಾತಿನಲ್ಲಿ ಬರೆದ ಲೇಖನಗಳು ಒಂದು ಜಾಲತಾಣದಲ್ಲಿ ಸಾಲುಸಾಲಾಗಿ ಸಿಕ್ಕವು. ಆದರೆ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಎಂಬುದು ಸೊನ್ನೆ. ಅದಕ್ಕೇ ತಂಗಿ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು.

"ನೋಡಕ್ಕ, ಬಸ್ಸಲ್ಲಿ ಬರ್ತಾ ಲೇಖನ ತೆಗೆದು ಈ ಗುರುತು ಒತ್ತು. ಮೊಬೈಲಲ್ಲೇ ಉಳ್ಕೊಳ್ಳುತ್ತೆ, ಕೆಳಗೆ ಹೋದ್ಮೇಲೆ ನೆಟ್ ಇಲ್ದಿದ್ರೂ ಓದಬಹುದು. ಬೇರೆ ಏನನ್ನೂ ಒತ್ತಬೇಡ ತಾಯಿ. ಹೋದ್ಸಲ ಜಾಹೀರಾತು ಒತ್ತಿ ಮೊಬೈಲ್ ಕೆಡಿಸ್ಕೊಂಡಿದ್ದು ನೆನಪಿದೆ ತಾನೇ?"

ಅಂದಿನಿಂದ ಶುರುವಾಯಿತು. ಬಸ್ಸಿನಲ್ಲಿ ನಲವತ್ತು ನಿಮಿಷ ಉಳಿಸಿಕೊಳ್ಳುವುದು, ಊಟದ ಬಿಡುವಿನಲ್ಲಿ ಬೆಡ್‌ಶೀಟಿನ ಗಂಟಿನ ಮೇಲೆ ಕೂತು ಓದುವುದು. ಜೊತೆಯವಳೊಬ್ಬಳು ಕೆಣಕಿದಳು: "ಯಾರದಕ್ಕ ಅಷ್ಟುದ್ದದ ಮೆಸೇಜು?"

"ಬಾಯ್ಲರ್‌ದು ಕಣೇ. ನಿನ್ನ ಗಂಡನಿಗಿಂತ ಜಾಸ್ತಿ ವಿಷಯ ಹೇಳುತ್ತೆ."

ಎರಡೂವರೆ ತಿಂಗಳಲ್ಲಿ ಮೂವತ್ತೊಂದು ಲೇಖನ. ಎಲ್ಲವೂ ಬಾಯಿಪಾಠ. ತನಗೆ ಇಷ್ಟೊಂದು ತಲೆಯಿದೆ ಎಂದು ಇಸ್ತ್ರಿಯಕ್ಕನಿಗೇ ಗೊತ್ತಿರಲಿಲ್ಲ, ಪಾಪ, ಖುಷಿಯಿಂದ ಬೀಗುತ್ತಿದ್ದಳು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಮಾಮ ಟೀ ಕುಡಿಯುತ್ತಾ ಅವಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದ. ಬಾಯ್ಲರಿನ ಮೈಗೆ ಒಂದು ಗಾಜಿನ ಕೊಳವೆ ಇರುತ್ತದೆ. ಒಳಗೆ ನೀರು ಎಷ್ಟಿದೆ ಎಂಬುದು ಅದರಲ್ಲಿ ಕಾಣುತ್ತದೆ. ಅದನ್ನು ತೋರಿಸಿ ಕೇಳಿದ:

"ಬೆಂಕಿ ಉರೀತಿದೆ, ಗ್ಲಾಸಲ್ಲಿ ನೀರೇ ಕಾಣ್ತಿಲ್ಲ. ಏನ್ಮಾಡ್ತೀಯಮ್ಮ?"

"ತಕ್ಷಣ ಪಂಪ್ ಹಾಕಿ ನೀರು ಬಿಡ್ತೀನಿ ಮಾಮ."

ಮಾಮನಿಗೆ ಟೀ ನೆತ್ತಿಗೇರಿತು. "ಕೆಂಪಗೆ ಕಾದಿರೋ ಕಬ್ಬಿಣಕ್ಕೆ ತಣ್ಣೀರಾ? ಅಯ್ಯೋ, ಇಡೀ ಆಸ್ಪತ್ರೇನೇ ಹಾರಿಸ್ಬಿಡ್ತೀಯಲ್ಲೇ!"

"ಲೇಖನದಲ್ಲಿ ಹಾಗೇ ಇದೆ..."

"ಹಾಗಿದ್ರೆ ಬರ್ದೋನಿಗೂ ಬುದ್ಧಿ ಇಲ್ಲ, ಓದ್ದೋಳಿಗೂ ಇಲ್ಲ!"

ಯಾರಿಗೂ ಸೊಪ್ಪು ಹಾಕದ ಹೆಂಗಸು ಅವತ್ತು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಬಸ್ಸಿನಲ್ಲಿ ಮೊಬೈಲ್ ತೆಗೆಯಲಿಲ್ಲ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಗೋಡೆಗೊರಗಿ ಕೂತು ಅತ್ತುಬಿಟ್ಟಳು. "ನಾನು ಪರೀಕ್ಷೆಗೆ ಹೋಗಲ್ಲ ಕಣೇ. ಓದು ನಮ್ಮಂಥೋರಿಗಲ್ಲ. ಕೈ ಹೋದ್ರೆ ಹೋಗ್ಲಿ, ಇಸ್ತ್ರೀನೇ ಹಾಕ್ತೀನಿ."

ತಂಗಿ ಮೊಬೈಲ್ ಕಿತ್ತುಕೊಂಡು ಆ ಲೇಖನ ತೆಗೆದಳು. ಕೊನೆಯ ಸಾಲು ಹೀಗಿತ್ತು: "ಗಾಜಿನಲ್ಲಿ ನೀರು ಕಾಣದಿದ್ದಾಗ ಯಾರಿಗಾದರೂ ಮೊದಲು ಹೊಳೆಯುವುದು, ತಕ್ಷಣ ನೀರು ಬಿಡಬೇಕು ಎಂದೇ." ಅದರ ಕೆಳಗೊಂದು ಪುಟ್ಟ ನೀಲಿ ಪೆಟ್ಟಿಗೆ. ಅದರೊಳಗೆ 'ಮುಂದಿನ ಪುಟ' ಎಂದಿತ್ತು.

"ಅಕ್ಕ, ಇದನ್ನ ಒತ್ತಿದ್ದೀಯಾ?"

"ಜಾಹೀರಾತು ಅಂದ್ಕೊಂಡೆ. ಏನೂ ಒತ್ತಬೇಡ ಅಂದಿದ್ದು ನೀನೇ ಅಲ್ವಾ?"

ತಂಗಿ ಹಣೆ ಚಚ್ಚಿಕೊಂಡು ಒತ್ತಿದಳು. ಎರಡನೇ ಪುಟದ ಮೊದಲ ಸಾಲು: "ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ. ಮೊದಲು ಬೆಂಕಿ ನಿಲ್ಲಿಸಿ." ಆ ಜಾಲತಾಣದವರು ಪ್ರತಿ ಲೇಖನವನ್ನೂ ಎರಡೆರಡು ಪುಟ ಮಾಡಿದ್ದರು. ಆ್ಯಪ್ ಉಳಿಸಿದ್ದು ತೆರೆದಿದ್ದ ಪುಟವನ್ನು ಮಾತ್ರ. ಬಾಯಿಪಾಠವಾಗಿದ್ದ ಮೂವತ್ತೊಂದೂ ಅರ್ಧವೇ! ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಇಸ್ತ್ರಿಯಕ್ಕ ಕಣ್ಣೊರೆಸಿಕೊಂಡು, "ಬರ್ದೋನಿಗೆ ಬುದ್ಧಿ ಇದೆ, ನನಗೂ ಇದೆ. ಕೊಡಿಲ್ಲಿ" ಎಂದು ಮೊಬೈಲಿಗೆ ಕೈಚಾಚಿದಳು.

ಉಳಿದ ಮೂವತ್ತು ಎರಡನೇ ಪುಟಗಳನ್ನು ಊಟಕ್ಕೆ ಏಳುವ ಮೊದಲೇ ಉಳಿಸಿಕೊಂಡಳು. ಮುಂದಿನ ಮೂರು ದಿನ ಅವಳಿಗೆ ಬೇರೆ ಲೋಕ ಬೇಡವಾಯಿತು. ಒಂದು ಬೆಳಿಗ್ಗೆ ಓದುತ್ತಾ ಇಳಿಯಬೇಕಾದ ನಿಲ್ದಾಣ ದಾಟಿಹೋಗಿ, ಎರಡು ಸ್ಟಾಪು ಹಿಂದಕ್ಕೆ ಓಡಿಬಂದಳು. ತಲೆಯಲ್ಲಿ ಭದ್ರವಾಗಿ ಕೂತಿದ್ದ ಎಷ್ಟೋ ಸಂಗತಿಗಳನ್ನು ತಿರುಗಿಸಿ ಕೂರಿಸಬೇಕಾಯಿತು, ಅದೇ ದೊಡ್ಡ ಕಷ್ಟ. ಮಾಮ ವಿಷಯ ಕೇಳಿ ಮೊದಲು ಬೈದ, ಆಮೇಲೆ ನಕ್ಕ, ಆಮೇಲೆ ತನ್ನ ಊಟದ ಬಿಡುವನ್ನೂ ಅವಳಿಗೇ ಕೊಟ್ಟು ಪ್ರಶ್ನೆ ಕೇಳುತ್ತಾ ಹೋದ.

ಪರೀಕ್ಷೆಯ ದಿನ ಪರೀಕ್ಷಕರು ಬಾಯ್ಲರ್ ಕೋಣೆಗೇ ಬಂದರು. ಹೆಚ್ಚು ಮಾತಿನ ಮನುಷ್ಯರಲ್ಲ. ನಾಲ್ಕಾರು ಪ್ರಶ್ನೆ ಕೇಳಿದರು, ಉತ್ತರ ಬಂತು. ಆಮೇಲೆ ಬಾಯ್ಲರ್ ಉರಿಯುತ್ತಿರುವಾಗಲೇ ಅವಳಿಗೆ ಬೆನ್ನು ಮಾಡಿ ನಿಂತು ಗಾಜಿನ ಕೊಳವೆಯ ತಿರುಪುಗಳನ್ನು ಏನೋ ಮಾಡಿ, ಪಕ್ಕಕ್ಕೆ ಸರಿದು ಕೈಕಟ್ಟಿಕೊಂಡರು. ಗಾಜು ಖಾಲಿ. ಒಂದು ಹನಿ ನೀರಿಲ್ಲ.

ಎರಡೂವರೆ ತಿಂಗಳ ಬಾಯಿಪಾಠ ಸುಮ್ಮನೆ ಬಿಟ್ಟೀತೇ? ಇಸ್ತ್ರಿಯಕ್ಕನ ಕೈ ತಾನಾಗಿ ಪಂಪಿನ ಸ್ವಿಚ್ಚಿನ ಕಡೆಗೆ ಹೋಯಿತು. ಮೂಲೆಯಲ್ಲಿ ನಿಂತಿದ್ದ ಮಾಮ ಕಣ್ಣು ಮುಚ್ಚಿಕೊಂಡ. ಕೈ ಅರ್ಧದಲ್ಲಿ ನಿಂತಿತು. ಅವಳು ಸರಕ್ಕನೆ ಈ ಕಡೆ ತಿರುಗಿ ಬೆಂಕಿಯ ಸ್ವಿಚ್ಚನ್ನು ಆರಿಸಿದಳು. ಭರ್ರೋ ಎನ್ನುತ್ತಿದ್ದ ಸದ್ದು ನಿಂತುಹೋಯಿತು.

"ನೀರು ಬಿಡಲ್ವೇನಮ್ಮ?"

"ಇಲ್ಲ ಸಾರ್. ಒಳಗೆ ಎಷ್ಟಿದೆ ಅಂತ ಗೊತ್ತಾಗೋವರೆಗೂ ಒಂದು ತೊಟ್ಟೂ ಬಿಡಲ್ಲ. ಇದು ಮೊದಲು ತಣ್ಣಗಾಗ್ಬೇಕು."

"ಮೇಲೆ ಕೆಲಸವೆಲ್ಲ ನಿಂತುಹೋಗುತ್ತಲ್ಲ?"

"ನಿಲ್ಲಲಿ ಸಾರ್. ಜನ ಉಳೀಲಿ."

ಪರೀಕ್ಷಕರು ತಿರುಪುಗಳನ್ನು ಮೊದಲಿನಂತೆ ಮಾಡಿದರು. ಗಾಜಿನಲ್ಲಿ ನೀರು ಏರಿ ನಿಂತಿತು. ಕಾಗದದ ಮೇಲೆ ಏನೋ ಬರೆದು, ಸಹಿ ಹಾಕಿ, ಮಾಮನ ಕೈಗೆ ಕೊಟ್ಟರು. ಮಾಮ ಕನ್ನಡಕ ಏರಿಸಿ ಓದುತ್ತಿರುವಾಗಲೇ ಗೋಡೆಯ ಫೋನು ಬಡಿದುಕೊಳ್ಳತೊಡಗಿತು. ಎತ್ತಿದರೆ ಸೂಪರ್‌ವೈಸರನ ಕಿರುಚಾಟ ಇಡೀ ಕೋಣೆಗೇ ಕೇಳಿಸಿತು: "ಸ್ಟೀಮ್ ಯಾಕ್ರೀ ನಿಂತಿದೆ? ಆಪರೇಟರ್ ಎಲ್ಲಿ?"

ಮಾಮ ಕಾಗದವನ್ನು ಇನ್ನೊಮ್ಮೆ ಓದಿದ. ಫೋನನ್ನು ಇಸ್ತ್ರಿಯಕ್ಕನ ಕಡೆಗೆ ಚಾಚಿದ. ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು.

"ಆಪರೇಟರ್ ಮಾತಾಡ್ತಿದ್ದೀನಿ. ಹೇಳಿ ಸಾರ್."