ನಾನು ಆರಿಸಿದ ಮೊನೆ

ಎಪ್ಪತ್ತರ ದಶಕದ ಆರಂಭದಲ್ಲಿ ನನಗೆ ಹೊಳಲ್ಕೆರೆಯಿಂದ ಹರಿಯಬ್ಬೆ ಕಡೆಯ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ಮದುವೆಯಾಗಿರಲಿಲ್ಲ. ಊರಿನವರು ಮೇಷ್ಟ್ರು ಅಂತ ಕೈಮುಗಿದು ದಾರಿ ಬಿಡುತ್ತಿದ್ದರು, ನಿಂತು ಮಾತಾಡುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆಗೆ ಬೀಗ ಹಾಕಿದರೆ ಸೋಮವಾರದ ತನಕ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಊರಾಚೆ ಕುರಿಹಟ್ಟಿಯ ಪಕ್ಕದಲ್ಲಿ ಬಿಲ್ಲು ಮಾಡುವ ಒಬ್ಬ ಮುದುಕನಿದ್ದ. ಹಿಂದೆಲ್ಲ ಅವನೂ ಅವನ ತಮ್ಮನೂ ಜೊತೆಯಾಗಿ ಬೇಟೆಗೆ ಹೋಗುತ್ತಿದ್ದರಂತೆ. ತಮ್ಮ ಜಿಂಕೆಯನ್ನು ಅಟ್ಟಿಕೊಂಡು ಬರುವುದು, ಇವನು ಹೊಡೆಯುವುದು. ತಮ್ಮ ತೀರಿಕೊಂಡ ಮೇಲೆ ಇವನು ಬೇಟೆಗೆ ಹೋಗಿರಲಿಲ್ಲ. ಆದರೂ ಬಿಲ್ಲು ಮಾಡುವುದನ್ನು ಬಿಟ್ಟಿರಲಿಲ್ಲ. ಒಂದು ಭಾನುವಾರ ಸುಮ್ಮನೆ ಅತ್ತ ಹೋದವನು, ಮಾತಿಗೆ ಬೇರೆ ನೆಪ ಸಿಗದೆ, ನನಗೂ ಒಂದು ಬಿಲ್ಲು ಬೇಕೆಂದೆ.

ಅವನು ನನ್ನ ತೋಳನ್ನು ಹಿಡಿದು ನೋಡಿದ. "ಮರದ್ದು ನಿಮ್ಮ ಕೈಗೆ ಬಗ್ಗಲ್ಲ, ಬಿದಿರಿಂದು ತಗಳ್ರಿ. ಹೆದೆ ಕಿವಿ ತನಕ ಬರಬೇಕು, ಕೈ ನಡುಗಬಾರ್ದು" ಎಂದ. ನಾಲ್ಕು ಭಾನುವಾರ ಬೇಲಿಗೆ ಕಟ್ಟಿದ ಹುಲ್ಲಿನ ಹೊರೆಗೆ ಹೊಡೆಸಿದ. ಆಮೇಲೆ, ಬೇಟೆಗೆ ಹೋಗೋಣ ಎಂದು, ಬಾಣದ ಮೊನೆಗಳನ್ನು ಗೋಣಿಚೀಲದ ಮೇಲೆ ಸುರಿದ. ಕೆಲವು ಎಲೆಯ ಹಾಗೆ ಅಗಲ, ಕೆಲವು ಸೂಜಿಯ ಹಾಗೆ ಸಪೂರ. ನಾನು ಸಪೂರದ್ದನ್ನೇ ಎತ್ತಿಕೊಂಡೆ. ಹುಲ್ಲಿನ ಹೊರೆಗೆ ಹೊಡೆಯುವಾಗ ಅದೇ ನೆಟ್ಟಗೆ ಹಾರುತ್ತಿತ್ತು.

"ಅದು ಬ್ಯಾಡ್ರಿ ಮೇಷ್ಟ್ರೇ. ಜಿಂಕೆಗೆ ಅಗಲದ್ದೇ ಆಗಬೇಕು. ಇದು ಚುಚ್ಕಂಡು ಕುಂತ್ರೆ ರಕ್ತ ಬೀಳಲ್ಲ, ಜಾಡು ಸಿಗಲ್ಲ. ನೋವು ತಿಂದ್ಕಂತ ಎಲ್ಲೋ ಓಡಿಹೋಗ್ತೈತೆ."

"ಅಗಲದ್ದು ನನ್ನ ಕೈಯಲ್ಲಿ ಗುರಿ ತಪ್ಪುತ್ತೆ, ಅಜ್ಜ" ಎಂದೆ. ಅವನು ಅದನ್ನೇ ಬಾಣಕ್ಕೆ ಸಿಕ್ಕಿಸಿ ಕೊಟ್ಟ. ತಮ್ಮನ ಜಾಗದಲ್ಲಿ ಒಬ್ಬ ಸಿಕ್ಕಿದ ಖುಷಿಯಲ್ಲಿದ್ದ ಅಂತ ಈಗ ಅನ್ನಿಸುತ್ತದೆ.

ಮುಂದಿನ ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಕುರುಚಲು ಗಿಡಗಳ ನಡುವೆ ನನ್ನನ್ನು ಕೂರಿಸಿ, ಅವನು ಸುತ್ತು ಹಾಕಿ ಒಂದು ಜಿಂಕೆಯನ್ನು ನನ್ನ ಕಡೆಗೇ ಅಟ್ಟಿದ. ಬಾಣ ಅದರ ಹೊಟ್ಟೆಗೆ ತಾಗಿತು. ಜಿಂಕೆ ಒಮ್ಮೆ ಮುಗ್ಗರಿಸಿ, ಎದ್ದು, ಬಾಣದ ಸಮೇತ ಓಡಿತು. ನೆಲದ ಮೇಲೆ ಒಂದು ಹನಿ ರಕ್ತವೂ ಇರಲಿಲ್ಲ. ಸಂಜೆಯ ತನಕ ಹುಡುಕಿದೆವು. ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಬುಧವಾರ ಅವನು ಶಾಲೆಯ ಹೊಸ್ತಿಲಿಗೆ ಬಂದು ನಿಂತ. ಕಾಲೆಲ್ಲ ಮುಳ್ಳು ಗೀರಿತ್ತು.

"ಸಿಕ್ತು ಮೇಷ್ಟ್ರೇ. ಹಳ್ಳದಾಗೆ ಬಿದ್ದಿತ್ತು. ಮಣ್ಣು ಮಾಡಿ ಬಂದೆ."

"ನನ್ನನ್ನೂ ಕರೀಬೇಕಿತ್ತಲ್ಲ" ಎಂದೆ.

"ನಿಮಗೆ ಪಾಠ ಇರ್ತೈತಲ್ಲ" ಎಂದು ಹೊರಟುಹೋದ.

ಮೂರು ದಿನ ಅವನೊಬ್ಬನೇ ಹುಡುಕಿದ್ದ. ಮುಂದಿನ ಭಾನುವಾರ ಹೋದಾಗ ಟೀ ಕೊಟ್ಟ, ಮಳೆಯ ಮಾತಾಡಿದ. ಬಿಲ್ಲಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರಬರುತ್ತ ನಾನೇ ಹೋಗುವುದನ್ನು ಬಿಟ್ಟೆ.

ವರ್ಷ ತುಂಬುವ ಮೊದಲೇ ಹೊಸದುರ್ಗಕ್ಕೆ ವರ್ಗವಾಯಿತು. ಹೊರಡುವ ದಿನ ಹೇಳಿ ಹೋಗೋಣವೆಂದು ಟ್ರಂಕು ಹೊತ್ತುಕೊಂಡೇ ಹಟ್ಟಿಯ ಕಡೆ ನಡೆದೆ. ಅವನ ಬಾಗಿಲು ಮುಚ್ಚಿತ್ತು. ಕಲ್ಲಿನ ಮೇಲೆ ಕೂತು ಕಾದೆ. ದೂರದಲ್ಲಿ ನಾನು ಹತ್ತಬೇಕಿದ್ದ ಹಿರಿಯೂರಿನ ಬಸ್ಸು ಧೂಳೆಬ್ಬಿಸಿಕೊಂಡು ಬರುವುದು ಕಂಡಿತು. ಟ್ರಂಕು ಎತ್ತಿಕೊಂಡು ಓಡಿದೆ.