ಕತೆ ಮುಗಿಯುವ ತನಕ

ಟವರ್ ಕಾಯುವ ಡೆಲ್ಫೀನ್ ಎಟ್ಸಿಟಿಗೆ ಈ ಚಳಿಗಾಲದ ಸಂಬಳ ಇನ್ನೂ ಬಾಕಿ. ಊರೇ ಕೂಡಿ ನಿಲ್ಲಿಸಿದ ಟವರು, ಊರೇ ಕೊಡಬೇಕು.

ನಮ್ಮ ನವಾಹೋ ಬುಡಕಟ್ಟಿನ ನೆಲದ ಆ ಗುಡ್ಡದ ನೆತ್ತಿಯಲ್ಲಿ ಟವರನ್ನು ನಡೆಸುವುದು ಬಿಸಿಲೊಂದೇ. ಮೂರ್ನಾಲ್ಕು ದಿನದಿಂದ ಹಿಮ. ಸೋಲಾರ್ ಹಲಗೆಗಳನ್ನು ಗುಡಿಸಿ ಗುಡಿಸಿ ಅವಳ ರಟ್ಟೆ ಬಿದ್ದುಹೋಗಿತ್ತು. ಹಿಮ ಗುಡಿಸಬಹುದು, ಮೋಡ ಗುಡಿಸಲಾದೀತೇ? ಬ್ಯಾಟರಿ ತಳ ಕಾಣುತ್ತಿತ್ತು.

ಟವರಿನಲ್ಲಿ ತರಂಗಕ್ಕೆ ಎರಡು ದಾರಿ. ಅಗಲದ ದಾರಿಯಲ್ಲಿ ಮನೆಮನೆಗೆ ಇಂಟರ್ನೆಟ್ಟು. ಅದು ಬ್ಯಾಟರಿಯನ್ನು ಗಟಗಟ ಕುಡಿಯುತ್ತದೆ. ಕಿರುದಾರಿ ತುರ್ತು ಕರೆಗೆ. ಅದಕ್ಕೆ ಗುಟುಕು ಸಾಕು. ಅಗಲದ್ದನ್ನು ಈಗಲೇ ಮುಚ್ಚಿದರೆ ಕಿರುದಾರಿ ಬೆಳಗಿನವರೆಗೆ ಉಳಿಯುತ್ತದೆ. ಕಣಿವೆಯಾಚೆ ಒಂಟಿಯಾಗಿರುವ ಚಿಕ್ಕಮ್ಮ ಅರ್ಲೀನ್‌ಗೆ ಎದೆಯ ಕಾಯಿಲೆ. ಅವಳಿಗೆ ಆ ದಾರಿ ಬಿಟ್ಟರೆ ಬೇರೆ ಗತಿಯಿಲ್ಲ.

ಆದರೆ ಅಗಲದ ದಾರಿಯಲ್ಲಿ ವಿಲ್ಫರ್ಡ್ ತಾತ ಮನೆಮನೆಗೂ ಕೇಳುವಂತೆ ನರಿಯ ಕತೆ ಶುರುಮಾಡಿದ್ದ. ಆ ಕತೆಗಳನ್ನು ಹಾವು ಮಲಗಿರುವ ಚಳಿಗಾಲದಲ್ಲೇ ಹೇಳಬೇಕು. ಬಿಸಿಲು ಬಡವಾದ ಹೊತ್ತಿಗೇ ಊರಿಗೆಲ್ಲ ಕತೆಯ ಹಸಿವು. ಹಿರಿಯರ ಕತೆಯನ್ನು ನಡುವೆ ಕಡಿಯುವವರು ನಮ್ಮಲ್ಲಿ ಯಾರೂ ಇಲ್ಲ.

ಎಲ್ಲರೂ ಕೇಳುತ್ತಿರುವಾಗಲೇ ಡೆಲ್ಫೀನ್ ಬಾಯಿ ಹಾಕಿದಳು. “ತಾತ, ಬ್ಯಾಟರಿ ಸಾಯ್ತಾ ಇದೆ. ಬೇಗ ಮುಗ್ಸು.”

“ನರಿ ಇನ್ನೂ ಹೊಳೇನೇ ದಾಟಿಲ್ಲ ಕಣೇ! ನಡುನೀರಲ್ಲಿ ಬಿಟ್ಟು ಬರ್ಲಾ?”

ಅವಳ ಅತ್ತೆಯ ಮಗ ಲಿರಾಯ್‌ಗೆ ಕೆಣಕುವ ಹಕ್ಕಿತ್ತು, ಕೆಣಕಿದ. “ಸಂಬಳ ಕೊಟ್ಟಿಲ್ಲ ಅಂತ ನಮ್ ಕತೆಗೇ ಕತ್ರಿನಾ ಡೆಲ್ಫೀನು?”

ಮನೆಮನೆಯಿಂದ ನಗು ಕೇಳಿಸಿತು. ಅವಳ ಮುಖ ಕೆಂಪೇರಿತು. ಟವರಿನ ಬಲವನ್ನಷ್ಟೇ ಒಂದಿಷ್ಟು ತಗ್ಗಿಸಿ, ಮೀಟರಿನ ಮುಳ್ಳಿಗೆ ಕಣ್ಣು ನೆಟ್ಟು ಕಾದಳು. ನರಿ ಈಗ ದಾಟುತ್ತದೆ, ಈಗ ದಾಟುತ್ತದೆ. ನರಿ ದಡ ಮುಟ್ಟುವ ಮೊದಲೇ ಎರಡೂ ದಾರಿ ಒಟ್ಟಿಗೆ ಸತ್ತವು. ಇನ್ನು ಬಿಸಿಲು ಬಂದರೇ ಜೀವ.

ಹಿಮದಲ್ಲಿ ಜಾರದಂತೆ ಪಿಕಪ್ಪಿನ ಚಕ್ರಕ್ಕೆ ಸರಪಳಿ ಬಿಗಿದು, ಕಣಿವೆ ದಾಟಿ ಚಿಕ್ಕಮ್ಮನ ಮನೆಗೆ ಹೋದಳು. ಒಲೆಯ ಪಕ್ಕ ಕುರಿತೊಗಲಿನ ಮೇಲೆ ಚಿಕ್ಕಮ್ಮ ಒರಗಿದ್ದಳು. ಕೈಯಲ್ಲಿ ಫೋನು, ತುಟಿ ನೀಲಿ.

“ಎಷ್ಟ್ ಒತ್ತಿದ್ರೂ ಯಾರೂ ಇಲ್ಲ ಕಣೇ.”

“ಕತೆ ಮುಗೀಲಿ ಅಂತ ಕಾದ್ಬಿಟ್ಟೆ ಚಿಕ್ಕಮ್ಮ.”

“ನಾನೂ ಅದಕ್ಕೇ ಕಾದೆ. ನೋವು ಮೊದ್ಲೇ ಶುರುವಾಗಿತ್ತು.”

ಅವಳನ್ನು ಹೊತ್ತು ಗಾಡಿಗೆ ಹಾಕಿ ಆಸ್ಪತ್ರೆ ಮುಟ್ಟಿಸಿದಳು. ಜೀವ ಉಳಿಯಿತು. ಆದರೆ ಅದನ್ನು ಉಳಿಸಿದ್ದು ನಮ್ಮ ಟವರಲ್ಲ.

ಅಂದು ನಕ್ಕವರೆಲ್ಲ ಇದನ್ನು ಓದುತ್ತಿದ್ದೀರಿ. ದಾರಿ ಮುಚ್ಚುವ ಪಾಪವನ್ನು ಅವಳೊಬ್ಬಳ ತಲೆಗೆ ಕಟ್ಟಬೇಡಿ. ಮೋಡ ಕವಿದ ದಿನ ಕತೆ ಬೇಕೆಂದರೆ ಕಾಲಿದೆ, ತಾತನ ಮನೆಗೆ ನಡೆಯಿರಿ. ಹೊರಡುವ ಮುಂಚೆ ನಿಮ್ಮ ಮನೆಯ ಇಂಟರ್ನೆಟ್ಟನ್ನು ನಿಮ್ಮ ಕೈಯಾರೆ ಆರಿಸಿ. ಆರಿಸುತ್ತೀರೋ ಇಲ್ಲವೋ, ಇವತ್ತೇ ಹೇಳಿ.